ಉಚಿತ ಹೊಲಿಗೆ ಯಂತ್ರ ಯಾವ ಲಿಂಕಿನಲ್ಲೂ ಇಲ್ಲ

ಒಂದು ವಾಟ್ಸಾಪ್ ಸಂದೇಶಕ್ಕೆ ಸಾವೇ ಇಲ್ಲ. ‘ಪ್ರಧಾನಮಂತ್ರಿ ಉಚಿತ ಹೊಲಿಗೆ ಯಂತ್ರ ಯೋಜನೆ: ಎಲ್ಲ ಮಹಿಳೆಯರಿಗೂ ಮಷೀನ್, ಕೂಡಲೇ ಲಿಂಕ್ ಒತ್ತಿ.’ ಸ್ವಸಹಾಯ ಸಂಘದ ಗುಂಪಿಗೆ ಬರುತ್ತದೆ, ಶಾಲೆ ತಾಯಂದಿರ ಗುಂಪಿಗೆ ಬರುತ್ತದೆ, ಹಬ್ಬ ಕಳೆದ ಮೇಲೆ ಮತ್ತೆ ಬರುತ್ತದೆ. ಮಗುವನ್ನು ಬಿಟ್ಟು ಹೊರಗೆ ದುಡಿಯಲಾಗದ ಹೆಣ್ಣುಮಕ್ಕಳು ಆಧಾರ್, ಖಾತೆ ನಂಬರು ಎಲ್ಲ ತುಂಬಿ ಕಾಯುತ್ತಾ ಕೂರುತ್ತಾರೆ.

ಸತ್ಯ ಇಷ್ಟೇ: ಆ ಹೆಸರಿನ ಕೇಂದ್ರ ಯೋಜನೆಯೇ ಇಲ್ಲ. ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ವಿಭಾಗವೇ ಇದು ಸುಳ್ಳೆಂದು ಹೇಳಿದೆ. ಇರುವುದು 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ. ಅದರ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು. ಅಲ್ಲೂ ಲಿಂಕ್ ಒತ್ತಿದವರಿಗೆಲ್ಲ ಮಷೀನ್ ಸಿಗುವುದಿಲ್ಲ. ಉಪಕರಣ ಕೊಳ್ಳಲು 15,000 ರೂಪಾಯಿವರೆಗೆ ಇ-ವೋಚರ್, ತರಬೇತಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಬೇಕೆಂದವರಿಗೆ ಶೇ 5ರ ಬಡ್ಡಿಗೆ ಮೊದಲ ಕಂತಿನಲ್ಲಿ 1 ಲಕ್ಷದವರೆಗೆ ಸಾಲ. ಅದೂ ಈಗಾಗಲೇ ಹೊಲಿಯುತ್ತಿರುವವರಿಗೆ, ಮನೆಗೊಬ್ಬರಿಗೆ. ಗಂಡ ಬಡಗಿಯೆಂದು ಹೆಸರು ಬರೆಸಿದ್ದರೆ ಹೆಂಡತಿಗಿಲ್ಲ. ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋಗಿ ಬೆರಳೊತ್ತಬೇಕು, ಆಮೇಲೆ ಪಂಚಾಯಿತಿಯಲ್ಲೋ ನಗರಸಭೆಯಲ್ಲೋ ಪರಿಶೀಲನೆ ಆಗಬೇಕು. ಬೆರಳಚ್ಚು ಕೇಳುವ ಸರ್ಕಾರ ವಾಟ್ಸಾಪಿನಲ್ಲಿ ಮಷೀನ್ ಹಂಚೀತೇ ಎಂದು ಒಬ್ಬರೂ ಕೇಳುವುದಿಲ್ಲ!

ರಾಜ್ಯದ ಇಲಾಖೆಗಳು ಜಿಲ್ಲಾ ಮಟ್ಟದಲ್ಲಿ ಆಗಾಗ ಅರ್ಜಿ ಕರೆದು ಯಂತ್ರ ಕೊಡುವುದುಂಟು. ಅದಕ್ಕೆ ಪ್ರಕಟಣೆ ಇರುತ್ತದೆ, ಕೊನೆಯ ದಿನಾಂಕ ಇರುತ್ತದೆ, ಕಚೇರಿ ವಿಳಾಸ ಇರುತ್ತದೆ. ‘ಎಲ್ಲ ಮಹಿಳೆಯರಿಗೂ’ ಎಂದು ಮಾತ್ರ ಇರುವುದಿಲ್ಲ.

ಮೈ ಉರಿಯುವುದು ಈ ಸುಳ್ಳಿನ ಹೊಟ್ಟೆಯೊಳಗಿನ ಇನ್ನೊಂದು ನಂಬಿಕೆಗೆ: ಮಷೀನ್ ಬಂದರೆ ದುಡಿಮೆ ಬಂದ ಹಾಗೆ! ಲೈನಿಂಗ್ ಬ್ಲೌಸಿಗೆ ಮೊದಲು ಬೇಕಾದ್ದು ಅಳತೆ, ಕಟಿಂಗ್. ಆರ್ಮ್‌ಹೋಲ್ ಅರ್ಧ ಇಂಚು ಹೆಚ್ಚು ಇಳಿದರೆ ಸಾಕು, ಕೈ ಎತ್ತಿದಾಗ ಇಡೀ ಬ್ಲೌಸೇ ಮೇಲೇಳುತ್ತದೆ. ಹೊಲಿದಾದ ಮೇಲೂ ಹುಕ್ಕು, ಹೆಮ್ಮಿಂಗ್ ಕೈಯಲ್ಲೇ ಆಗಬೇಕು. ಸೀರೆ ಕುಚ್ಚಿಗಂತೂ ಮಷೀನೇ ಬೇಡ: ಸೂಜಿ, ರೇಷ್ಮೆ ದಾರ, ಮಣಿ, ಸೆರಗಿನ ಎಳೆ ಜಗ್ಗದಂತೆ ಕಟ್ಟುವ ತಾಳ್ಮೆ. ಲಿಂಕಿಗಾಗಿ ಕಾಯುವ ಬದಲು ಇವತ್ತೇ ಶುರುಮಾಡಬಹುದು.

ಹೊಲಿಗೆಯ ಬಗ್ಗೆ ಉಳಿದ ತಪ್ಪು ನಂಬಿಕೆಗಳು ಚುಟುಕಾಗಿ. ‘ಮನೇಲಿ ಹೊಲಿಯೋದಲ್ವಾ, ದಾರದ ಖರ್ಚಷ್ಟೇ’: ನಿಮ್ಮ ಸಂಬಳವಾಗಿ ಪೆನ್ನಿನ ಖರ್ಚು ಕೊಟ್ಟರೆ ಒಪ್ಪುತ್ತೀರಾ? ‘ಮಗು ಮಲಗಿದಾಗ ಹೊಲಿದರಾಯ್ತು’: ಹೇಳಿದವರಿಗೆ ಮಷೀನಿನ ಸದ್ದೂ ಗೊತ್ತಿಲ್ಲ, ಮಗುವೂ ಗೊತ್ತಿಲ್ಲ. ‘ಮಾರಿದರೆ ಜಿಎಸ್‌ಟಿ ಕಡ್ಡಾಯ’: ರಾಜ್ಯದೊಳಗೆ ಮಾರುವ ಸರಕಿನ ವರ್ಷದ ವಹಿವಾಟು 40 ಲಕ್ಷ, ಹೊಲಿಗೆ ಕೂಲಿಯಂಥ ಸೇವೆಯದ್ದು 20 ಲಕ್ಷ ದಾಟುವವರೆಗೆ ನೋಂದಣಿ ಬೇಡ. ‘ಮಷೀನಿನದ್ದೂ ಕಸೂತಿಯೇ’: ಧಾರವಾಡದ ಕಸೂತಿಯನ್ನು ಎಳೆ ಎಣಿಸಿ ಕೈಯಲ್ಲಿ, ಗಂಟಿಲ್ಲದೆ ಹಾಕುತ್ತಾರೆ, ಗವಂತಿ ಹೊಲಿಗೆ ಎರಡೂ ಬದಿ ಒಂದೇ ಥರ ಕಾಣುತ್ತದೆ, ತಿರುಗಿಸಿ ನೋಡಿ.

ಕೊತ್ತಂಬರಿ ಕಟ್ಟಿಗೆ ಚೌಕಾಸಿ ಮಾಡುವ ಜನ ನಾವು. ಗುರುತಿಲ್ಲದ ನಂಬರಿನಿಂದ ಯಾರೋ ಮಷೀನನ್ನೇ ಪುಕ್ಕಟೆ ಕೊಡುತ್ತೇನೆಂದರೆ ಮಾತ್ರ ಮರುಪ್ರಶ್ನೆ ಇಲ್ಲ. ‘ಇರಲಿ, ಯಾರಿಗಾದರೂ ಉಪಯೋಗವಾಗಲಿ’ ಎಂದು ಫಾರ್ವರ್ಡ್ ಮಾಡುವವರೇ, ಉಪಯೋಗವಾಗುವುದು ಆ ಲಿಂಕ್ ಮಾಡಿದವನಿಗೆ. ಉಪಕಾರ ಮಾಡಲೇಬೇಕೆಂದಿದ್ದರೆ ಬ್ಲೌಸ್ ಹೊಲಿದುಕೊಟ್ಟ ಪಕ್ಕದ ಮನೆಯಾಕೆ ಕೇಳಿದಷ್ಟು ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ.