ನಿಂತಲ್ಲೇ ಸೊರಗುವ ಬ್ಯಾಟರಿ

ಮಾರುತಿ 800 ಕಾರಿನ ಉತ್ಪಾದನೆ 2014ರಲ್ಲೇ ಸ್ಥಗಿತಗೊಂಡರೂ ಹಲವು ಮನೆಗಳ ಮುಂದೆ ಅದು ಇನ್ನೂ ನಿಂತಿದೆ. ಭಾನುವಾರ ಮಾತ್ರ ಹೊರಬೀಳುವ ಇಂತಹ ಹಳೆಯ ಕಾರುಗಳ ಬ್ಯಾಟರಿ ಓಡಾಟಕ್ಕಿಂತ ಹೆಚ್ಚಾಗಿ ನಿಂತಲ್ಲೇ ಹಾಳಾಗುತ್ತದೆ.

ಸೀಸ ಮತ್ತು ಆಮ್ಲದ ಈ ಬ್ಯಾಟರಿ ಬಳಸದಿದ್ದರೂ ಚಾರ್ಜ್ ಕಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಇನ್ನೂ ಬೇಗ. ಬರಿದಾದ ಸ್ಥಿತಿಯಲ್ಲೇ ಬಿಟ್ಟರೆ ಒಳಗಿನ ಫಲಕಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ, ಮತ್ತೆ ಚಾರ್ಜ್ ಹಿಡಿಯುವ ಸಾಮರ್ಥ್ಯವೇ ಕುಗ್ಗುತ್ತದೆ.

ಬೆಳಿಗ್ಗೆ ಎರಡು ನಿಮಿಷ ಎಂಜಿನ್ ಚಾಲೂ ಮಾಡಿ ನಿಲ್ಲಿಸುವುದು ಅನೇಕರ ರೂಢಿ. ಇದು ಮನಸ್ಸಿನ ಸಮಾಧಾನಕ್ಕಷ್ಟೇ. ಎಂಜಿನ್ ಮಂದಗತಿಯಲ್ಲಿರುವಾಗ ಆಲ್ಟರ್ನೇಟರ್ ನೀಡುವ ವಿದ್ಯುತ್ ಕಡಿಮೆ. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆಗೂ ಹೆಚ್ಚು ಕಾಲ ರಸ್ತೆಯಲ್ಲಿ ಓಡಿಸುವುದು ಲೇಸು.

ಸ್ಥಿತಿ ತಿಳಿಯಲು ಸಾಧಾರಣ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ತೋರಿದರೆ ಬ್ಯಾಟರಿ ತುಂಬಿದೆ, 12.2ಕ್ಕೆ ಇಳಿದಿದ್ದರೆ ಸುಮಾರು ಅರ್ಧ ಬರಿದಾಗಿದೆ. ಎಂಜಿನ್ ಓಡುವಾಗಲೂ 14ರ ಆಸುಪಾಸು ಬಾರದಿದ್ದರೆ ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್ ಪರೀಕ್ಷಿಸಬೇಕು. ಅದನ್ನು ಬಿಟ್ಟು ಹೊಸ ಬ್ಯಾಟರಿ ಕೊಂಡರೆ ಸಾವಿರಾರು ರೂಪಾಯಿ ವ್ಯರ್ಥ.

ಮುಚ್ಚಳ ತೆರೆಯಬಹುದಾದ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ನಲ್ಲಿ, ಬೋರ್‌ವೆಲ್ ನೀರು ಸಲ್ಲದು. ವಾರಗಟ್ಟಲೆ ಪರವೂರಿಗೆ ತೆರಳುವವರು ಮೈನಸ್ ತಂತಿ ಕಳಚಿಡುವುದು ಒಳಿತು. ಎರಡೂ ತಂತಿ ಬಿಚ್ಚುವುದಾದರೆ ಮೈನಸ್ ಮೊದಲು, ಜೋಡಿಸುವಾಗ ಅದೇ ಕೊನೆಗೆ. ಕ್ರಮ ತಪ್ಪಿ ಸ್ಪ್ಯಾನರ್ ಕಾರಿನ ಲೋಹಕ್ಕೆ ತಗುಲಿದರೆ ಕಿಡಿ ಹಾರುತ್ತದೆ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೊಮ್ಮಿದ ಜಲಜನಕ ಅಲ್ಲಿದ್ದರೆ ಸ್ಫೋಟಕ್ಕೆ ಅಷ್ಟೇ ಸಾಕು.