ತೋರಣಗಲ್ಲಿನ ಮ್ಯಾಟು, ನಮ್ಮೂರ ಹುಡುಗಿಯರು

ಕೊಪ್ಪಳದಲ್ಲಿ ಬಳ್ಳಾರಿ ಕಡೆಯ ರೈಲು ಹತ್ತಿದರೆ ಮುನಿರಾಬಾದ್, ಹೊಸಪೇಟೆ ದಾಟಿ ತೋರಣಗಲ್ಲು. ಆ ಹೆಸರು ಕೇಳಿದರೆ ನಮ್ಮ ಭಾಗದವರಿಗೆ ನೆನಪಾಗುವುದು ಜಿಂದಾಲ್ ಉಕ್ಕಿನ ಕಾರ್ಖಾನೆ. ಭಾರತಕ್ಕೆ ಜೂಡೊದಲ್ಲಿ ಮೊದಲ ವಿಶ್ವ ಪದಕ ತಂದ ಹುಡುಗಿ ಪಳಗಿದ್ದು ಅದರ ಮಗ್ಗುಲಲ್ಲೇ, ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಎಂಬುದು ಮಾತ್ರ ಮಾತಿಗೆ ಬರುವುದು ಅಪರೂಪ.

ಮಣಿಪುರದ ಲಿಂತೋಯಿ ಚನಂಬಮ್ 2022ರ ಆಗಸ್ಟ್‌ನಲ್ಲಿ ಬೋಸ್ನಿಯಾದ ಸರಾಯೆವೊದಲ್ಲಿ ವಿಶ್ವ ಕೆಡೆಟ್ ಚಾಂಪಿಯನ್ ಆದರು. 57 ಕೆ.ಜಿ. ಫೈನಲ್‌ನಲ್ಲಿ ಸೋತವರು ಬ್ರೆಜಿಲ್‌ನ ಬಿಯಾಂಕಾ ರೀಸ್. ಗಂಡಾಗಲಿ ಹೆಣ್ಣಾಗಲಿ, ಯಾವ ವಯಸ್ಸಿನವರೇ ಆಗಲಿ, ಅಲ್ಲಿಯವರೆಗೆ ವಿಶ್ವ ಜೂಡೊದಲ್ಲಿ ಪದಕ ಮುಟ್ಟಿದ ಭಾರತೀಯರೇ ಇರಲಿಲ್ಲ. ತಿದ್ದಿ ತೀಡಿದವರು ಜಾರ್ಜಿಯಾದ ಕೋಚ್ ಮಮುಕಾ ಕಿಜಿಲಾಶ್ವಿಲಿ. ಆಮೇಲೆ ಮೊಣಕಾಲಿನ ಗಾಯ ಬಹುಕಾಲ ಕಾಡಿತು. 2025ರಲ್ಲಿ ಪೆರುವಿನ ಲಿಮಾದಲ್ಲಿ, ಈ ಸಲ 63 ಕೆ.ಜಿ.ಯಲ್ಲಿ, ಜೂನಿಯರ್ ವಿಶ್ವ ಕಂಚು ಬಂತು.

ಜೂಡೊದಲ್ಲಿ ಎದುರಾಳಿಯ ಬೆನ್ನು ನೆಲಕ್ಕೆ ಬೀಳುವಂತೆ ಬಿರುಸಾಗಿ ಎಸೆದರೆ ‘ಇಪ್ಪಾನ್’. ಪಂದ್ಯ ಅಲ್ಲಿಗೇ ಮುಗಿಯಿತು. 20 ಸೆಕೆಂಡು ಅಲುಗದಂತೆ ಅದುಮಿ ಹಿಡಿದರೂ ಅಷ್ಟೇ. ಚಿತ್ ಮಾಡುವುದೇ ಗೆಲುವು ಎಂದು ಬಲ್ಲ ನಮ್ಮ ಜಾತ್ರೆ ಕುಸ್ತಿಯ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕೆ? ಒಂದೇ ವ್ಯತ್ಯಾಸ, ಕುಸ್ತಿಯಲ್ಲಿ ಪೈಲ್ವಾನರು ಮೈ ಹಿಡಿಯುತ್ತಾರೆ, ಇಲ್ಲಿ ದಪ್ಪ ಅಂಗಿಯ ಕೊರಳಪಟ್ಟಿ, ತೋಳು ಹಿಡಿದು ಎಳೆಯಬೇಕು. ಗರಡಿಮನೆಯ ಹೊಸ್ತಿಲು ಹುಡುಗಿಯರಿಗೆ ದಾಟಲಾಗದ್ದಾಗಿತ್ತು ಎನ್ನುವುದು ಬೇರೆ ಮಾತು.

ಹಾಗೆಂದು ಕಾರ್ಖಾನೆಯ ದುಡ್ಡಿದ್ದರಷ್ಟೇ ಪದಕ ಎನ್ನಲಾಗದು. ಬೆಳಗಾವಿ ಬಳಿಯ ತುರಮರಿಯ ರೈತನ ಮಗಳು ಮಲಪ್ರಭಾ ಜಾಧವ್ ಜೂಡೊ ಕಲಿತದ್ದು ಬೆಳಗಾವಿಯಲ್ಲೇ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ಗೆ ಉಜ್ಬೇಕಿಸ್ತಾನದ ನಾಡಕುಸ್ತಿ ಕುರಾಶ್ ಮೊದಲ ಬಾರಿ ಸೇರಿದಾಗ 52 ಕೆ.ಜಿ.ಯಲ್ಲಿ ಕಂಚು ಗೆದ್ದರು. ಕುರಾಶ್‌ನಲ್ಲಿ ನೆಲದ ಪಟ್ಟುಗಳಿಲ್ಲ, ನಿಂತೇ ಕಾದಬೇಕು. ಜೂಡೊದ ಎಸೆತ ಕೈಹಿಡಿಯಿತು. ನನ್ನ ಲೆಕ್ಕದಲ್ಲಿ ನಮ್ಮ ಜಿಲ್ಲೆ ನೋಡಬೇಕಾದದ್ದು ಸರಾಯೆವೊದ ಚಿನ್ನಕ್ಕಿಂತ ಹೆಚ್ಚಾಗಿ ಈ ಕಂಚನ್ನು.

ಪದಕಕ್ಕೆ ಮೊದಲೇ ತಯಾರಿ ಬೇಕು ಎಂಬುದಕ್ಕೆ ಸ್ಪೇನ್ ಉದಾಹರಣೆ. ಮಹಿಳಾ ಜೂಡೊ ಒಲಿಂಪಿಕ್ಸ್‌ನಲ್ಲಿ ಅಧಿಕೃತವಾಗಿ ಸೇರಿದ್ದು 1992ರಲ್ಲಿ, ಬಾರ್ಸಿಲೋನಾದಲ್ಲಿ. ಅದಕ್ಕೆ ನಾಲ್ಕು ವರ್ಷ ಮೊದಲೇ ಆ ದೇಶ ಕ್ರೀಡಾಪಟುಗಳಿಗೆ ಹಣದ ನೆರವು ಶುರುಮಾಡಿತ್ತು. ಮಿರಿಯಮ್ ಬ್ಲಾಸ್ಕೊ, ಅಲ್ಮುದೇನಾ ಮುನ್ಯೋಸ್ ಇಬ್ಬರೂ ತವರಲ್ಲೇ ಚಿನ್ನ ಗೆದ್ದರು.   ಭಾರತಕ್ಕೆ ಒಲಿಂಪಿಕ್ ಜೂಡೊ ಪದಕ ಇನ್ನೂ ಬಂದಿಲ್ಲ.

ಜೂಡೊವನ್ನು ಒಬ್ಬಳೇ ಕಲಿಯಲಾಗದು. ದಿನಾ ಎಸೆಯಲು, ಎಸೆಸಿಕೊಳ್ಳಲು ತನ್ನದೇ ತೂಕದ ಜೊತೆಗಾತಿ ಬೇಕು. ಯಲಬುರ್ಗಾದ ಹಳ್ಳಿಯೊಂದರಲ್ಲಿ 57 ಕೆ.ಜಿ.ಯ ಹುಡುಗಿಗೆ ಅಂಥವರು ಎಲ್ಲಿ ಸಿಗಬೇಕು? ಗಂಗಾವತಿ, ಕುಷ್ಟಗಿಯಲ್ಲೂ ಇದೇ ಪಾಡು. ತಾಲ್ಲೂಕಿಗೊಂದು ಮ್ಯಾಟು ಹಂಚಿ ಕೈತೊಳೆದುಕೊಳ್ಳುವುದಕ್ಕಿಂತ, ಎಲ್ಲ ಕಡೆಯ ಹುಡುಗಿಯರನ್ನು ಕೊಪ್ಪಳದ ಒಂದೇ ಹಾಸ್ಟೆಲಿನಲ್ಲಿ ಕೂಡಿಸಿದರೆ ತೂಕಕ್ಕೆ ಮೂವರಾದರೂ ಸಿಕ್ಕಾರು. ಕುಷ್ಟಗಿಗೂ 2025ರಲ್ಲಿ ರೈಲು ಬಂದಿದೆ. ರಜೆಯಲ್ಲಿ ಊರಿಗೆ ಹೋಗಿ ಬರಲು ಅಡ್ಡಿಯಿಲ್ಲ.