ಸೀಮಂತಕ್ಕಿಂತ ಮೊದಲು

ಬಸುರಿಯ ಸುದ್ದಿಯನ್ನು ಮೂರು ತಿಂಗಳು ತುಂಬುವವರೆಗೆ ಹೊರಗೆ ಹೇಳಬಾರದೆಂಬ ವಾಡಿಕೆ ನಮ್ಮಲ್ಲುಂಟು. ದೆಹಲಿಗೆ ಬಂದ ಮೇಲೂ ನಾವದನ್ನು ಬಿಡಲಿಲ್ಲ. ನನ್ನಾಕೆ ಮೊದಲ ಸಲ ಗರ್ಭಿಣಿಯಾದಾಗ, ಊರಿನಿಂದ ಅಮ್ಮ ಹೇಳಿದಂತೆ ಗುಟ್ಟು ಕಾಯ್ದೆವು. ಆಸ್ಪತ್ರೆಗೆ ಹೋದದ್ದೂ ನಾಲ್ಕನೆಯ ತಿಂಗಳಲ್ಲೇ. "ಫೋಲಿಕ್ ಆಮ್ಲದ ಮಾತ್ರೆ ಯಾವಾಗಿನಿಂದ ತೆಗೆದುಕೊಳ್ಳುತ್ತಿದ್ದೀರಿ?" ಎಂದು ಡಾಕ್ಟರಮ್ಮ ಕೇಳಿದರು. ನಾವಿಬ್ಬರೂ ಮುಖಮುಖ ನೋಡಿಕೊಂಡೆವು. ಸ್ಕ್ಯಾನ್ ಮಾಡಿಸಿ, ಮಗುವಿನ ಬೆನ್ನುಮೂಳೆ ಸರಿಯಾಗಿದೆಯೆಂದು ತಿಳಿಯುವವರೆಗೆ ನಮಗೆ ನಿದ್ದೆಯಿರಲಿಲ್ಲ. ದೇವರ ದಯೆ, ಮಗು ಕ್ಷೇಮವಾಗಿ ಹುಟ್ಟಿತು. ಎಲ್ಲರ ಪಾಲಿಗೂ ಹಾಗೇ ಆದೀತೆಂದು ಹೇಳಲು ಬರುವುದೆ? ಅದಕ್ಕಾಗಿ ಈ ನಾಲ್ಕು ಮಾತು.

ಫೋಲಿಕ್ ಆಮ್ಲವು 'ಬಿ' ಗುಂಪಿಗೆ ಸೇರಿದ ಒಂದು ಜೀವಸತ್ವ. ಇದರ ಕಥೆ ಮೊದಲಾದದ್ದು ನಮ್ಮ ದೇಶದಲ್ಲೇ. ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್ 1928ರಲ್ಲಿ ಮುಂಬಯಿಗೆ ಬಂದು, ಅಲ್ಲಿಯ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಅಭ್ಯಸಿಸಿದರು. ಯೀಸ್ಟಿನ ಸಾರವಾದ ಮಾರ್ಮೈಟ್ ಕೊಟ್ಟಾಗ ಆ ಹೆಂಗಸರು ಚೇತರಿಸಿಕೊಂಡರೆಂದು 1931ರಲ್ಲಿ ಪ್ರಕಟಿಸಿದರು. ಆ ಸತ್ವವನ್ನು 1941ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದ ವಿಜ್ಞಾನಿಗಳು, 'ಎಲೆ' ಎಂಬರ್ಥದ ಲ್ಯಾಟಿನ್ ಶಬ್ದದಿಂದ ಅದಕ್ಕೆ ಹೆಸರಿಟ್ಟರು.

ರಕ್ತಹೀನತೆಯಷ್ಟೇ ಅಲ್ಲ. ಮಗುವಿನ ಮಿದುಳು ಮತ್ತು ಬೆನ್ನುಹುರಿ ರೂಪುಗೊಳ್ಳುವ ನರನಾಳವು ಗರ್ಭ ನಿಂತ ಸುಮಾರು 28 ದಿನಗಳಲ್ಲೇ ಮುಚ್ಚಿಕೊಳ್ಳಬೇಕು. ಈ ಸತ್ವದ ಕೊರತೆಯಿದ್ದರೆ ಅದು ಪೂರ್ತಿ ಮುಚ್ಚದೆ ಉಳಿಯುವ ಅಪಾಯ ಹೆಚ್ಚು. ಆ ಹೊತ್ತಿಗೆ ಎಷ್ಟೋ ತಾಯಂದಿರಿಗೆ ತಾವು ಗರ್ಭಿಣಿಯೆಂಬುದೇ ತಿಳಿದಿರುವುದಿಲ್ಲ! ಕಚೇರಿಯಲ್ಲಿ ಗಡುವು ಮೀರಿದ ಕಾಗದಕ್ಕೂ ಒಮ್ಮೊಮ್ಮೆ ದಾರಿ ಸಿಕ್ಕೀತು, ಇಲ್ಲಿ ಸಿಗದು. ಇಂಥ ದೋಷವುಳ್ಳ ಮಗುವನ್ನು ಹಿಂದೆ ಹೆತ್ತಿದ್ದ ತಾಯಂದಿರು ಮುಂಚಿತವಾಗಿಯೇ ಮಾತ್ರೆ ಸೇವಿಸಿದಾಗ, ಅದು ಮರುಕಳಿಸುವ ಸಂಭವ ನೂರಕ್ಕೆ 72ರಷ್ಟು ತಗ್ಗಿತೆಂದು 1991ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ತೋರಿಸಿತು.

ನಮ್ಮ ಅಡಿಗೆಯಲ್ಲಿ ಈ ಸತ್ವವಿಲ್ಲವೆ? ಇದೆ. ಸೊಪ್ಪು, ಕಾಳು, ಬೇಳೆಗಳಲ್ಲಿ ಧಾರಾಳವಾಗಿದೆ. ಸೊಪ್ಪನ್ನು ಬಹಳ ಹೊತ್ತು ಬೇಯಿಸಿದರೆ ಒಂದಷ್ಟು ನಾಶವಾಗುತ್ತದೆ, ಒಂದಷ್ಟು ನೀರಿಗಿಳಿಯುತ್ತದೆ. ಬಸಿದ ನೀರನ್ನು ಚೆಲ್ಲದೆ ಬಸ್ಸಾರು ಮಾಡಿದ ನಮ್ಮಜ್ಜಿಯರ ಜಾಣ್ಮೆ ದೊಡ್ಡದು. ಚಳಿಗಾಲದಲ್ಲಿ ಇಲ್ಲಿಯ ತಳ್ಳುಗಾಡಿಗಳ ತುಂಬ ಬರುವ ಪಾಲಕ್, ಮೆಂತ್ಯ, ಬಥುವಾಗಳಿಂದಲೂ ಅದನ್ನು ಮಾಡಬಹುದು.

ಆದರೂ ಊಟವೊಂದನ್ನೇ ನಂಬುವಂತಿಲ್ಲ. ಮಗು ಬೇಕೆಂದು ನಿಶ್ಚಯಿಸಿದ ದಿನದಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಸೇವಿಸಿ, ಗರ್ಭದ 12 ವಾರಗಳವರೆಗೆ ಮುಂದುವರಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಾಲ್ಕನೆಯ ತಿಂಗಳಿನಿಂದ ಕಬ್ಬಿಣ ಸೇರಿದ ಮಾತ್ರೆ. ಇದು ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ. ಹಿಂದಿನ ಮಗುವಿಗೆ ಇಂಥ ದೋಷವಿದ್ದವರಿಗೆ ಹೆಚ್ಚಿನ ಪ್ರಮಾಣ ಬೇಕು. ಅದನ್ನು ವೈದ್ಯರೇ ಗೊತ್ತುಪಡಿಸಲಿ. ಶಾಕಾಹಾರಿಗಳು ಬಿ-12ರ ಕೊರತೆಯ ಬಗೆಗೂ ವೈದ್ಯರನ್ನು ಕೇಳುವುದೊಳಿತು.

ಸೀಮಂತದ ದಿನ ಮಡಿಲು ತುಂಬುವ ಹಿರಿಯರಲ್ಲಿ ನನ್ನದೊಂದು ಬಿನ್ನಹ. ಹೊಸ ದಂಪತಿಗಳು ಊಟಕ್ಕೆ ಬಂದಾಗ, ತಾಂಬೂಲದ ಜೊತೆಗೆ ಈ ಮಾತನ್ನೂ ಕಿವಿಯಲ್ಲಿ ಹಾಕಿ ಕಳಿಸಿರಿ. ಸುದ್ದಿಯನ್ನು ಮೂರು ತಿಂಗಳು ಬೇಕಾದರೆ ಗುಟ್ಟಾಗಿಡಲಿ. ಮಾತ್ರೆಯನ್ನು ಮಾತ್ರ ಕಾಯಿಸುವುದು ಬೇಡ.